ನಿಯೋಡಿಮಿಯಂ ಜೊತೆ ಪ್ರಸಿಯೋಡಿಮಿಯಂ ನುಸುಳಿದರೆ: ಸಾಲ್ವೆಂಟ್ ಎಕ್ಸ್‌ಟ್ರಾಕ್ಷನ್ ಸಾಲಿನಲ್ಲಿ ದೋಷ ಹುಡುಕುವ ಬಗೆ

ತಲೋಜಾ, ಅಂಬರ್‌ನಾಥ್, ಡೊಂಬಿವಲಿ ಕಡೆಯ ಕೆಮಿಕಲ್ ಘಟಕಗಳಿಗೆ ಸೇರಿದ ನಮ್ಮ ಕನ್ನಡದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಮೊನ್ನೆವರೆಗೂ ನಿಯೋಡಿಮಿಯಂ 99 ಪರ್ಸೆಂಟ್ ಬರ್ತಿತ್ತು, ಈಗ 96ಕ್ಕೆ ಇಳಿದಿದೆ. ನಾವು ಏನೂ ಮುಟ್ಟಿಲ್ಲ." ಮುಟ್ಟಿಲ್ಲ ಅನ್ನೋದು ಬಹಳ ಸಲ ನಿಜವೇ. ಆದರೆ ಫೋನ್ ಇಟ್ಟ ಮೇಲೆ ಸುಮ್ನೆ ಇರಲಾಗದೆ ಒಂದು ವಾಲ್ವ್ ತಿರುಗಿಸುತ್ತಾರೆ. ನಿಜವಾದ ತೊಂದರೆ ಶುರುವಾಗೋದು ಅಲ್ಲಿಂದ.

ನನ್ನ ಮಾತು ಇಷ್ಟೇ. ನಿಯೋಡಿಮಿಯಂ, ಪ್ರಸಿಯೋಡಿಮಿಯಂನಂಥ ಲ್ಯಾಂಥನೈಡ್ (ವಿರಳ ಭೂಲೋಹ) ಧಾತುಗಳನ್ನು ನೀರು ಮತ್ತು ಎಣ್ಣೆಯಂಥ ಆರ್ಗ್ಯಾನಿಕ್ ಎಂಬ ಎರಡು ದ್ರವಗಳ ನಡುವೆ ಹಂಚಿ ಬಿಡಿಸುವ ಈ ಕೆಲಸದಲ್ಲಿ ಬೇರ್ಪಡಿಸುವ ರಸಾಯನ ಕೆಡುವುದು ಅಪರೂಪ. ಕೆಡುವುದು ಆಸಿಡ್ ಮತ್ತು ಕ್ಷಾರದ ಲೆಕ್ಕ. ಇಲ್ಲವಾದರೆ ಎರಡು ಪದರ ಸರಿಯಾಗಿ ಬೇರೆಯಾಗುತ್ತಿಲ್ಲ. ಯಾವುದು ಎಂದು ಗೊತ್ತಾಗುವ ತನಕ ವಾಲ್ವ್‌ಗೆ ಕೈ ಹಚ್ಚಬೇಡಿ.

ಉದಾಹರಣೆಗೆ ಒಂದು ಪುಟ್ಟ ಸಾಲು ಇಟ್ಟುಕೊಳ್ಳೋಣ. ಕುರ್ಲಾದ ಗುಜರಿಯಿಂದ ಬಂದ ಹಾರ್ಡ್ ಡಿಸ್ಕ್ ಮ್ಯಾಗ್ನೆಟ್‌ಗಳನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗಿಸಿ, ಕಬ್ಬಿಣ ತೆಗೆದು, ಉಳಿದ ಕ್ಲೋರೈಡ್ ದ್ರಾವಣವನ್ನು ಫೀಡ್ ಮಾಡಿದ್ದೀರಿ. ಅದರಲ್ಲಿ ನಿಯೋಡಿಮಿಯಂ, ಪ್ರಸಿಯೋಡಿಮಿಯಂ, ಸ್ವಲ್ಪ ಡಿಸ್ಪ್ರೋಸಿಯಂ ಇವೆ. ಡಿಸ್ಪ್ರೋಸಿಯಂ ಅನ್ನು ಮೊದಲೇ ಒಂದು ಚಿಕ್ಕ ಸಾಲಿನಲ್ಲಿ ತೆಗೆದಿದ್ದೀರಿ. ಉಳಿದ ಎರಡನ್ನು ಬಿಡಿಸಲು ಉದ್ದನೆಯ ಮಿಕ್ಸರ್-ಸೆಟ್ಲರ್ ಸಾಲು ಇದೆ: ಪ್ರತಿ ಸ್ಟೇಜಿನಲ್ಲಿ ಎರಡು ದ್ರವ ಕಲಕುವ ಒಂದು ಮಿಕ್ಸರ್, ಅವು ಮತ್ತೆ ಬೇರೆಯಾಗಲು ಒಂದು ಸೆಟ್ಲರ್. ಆರ್ಗ್ಯಾನಿಕ್ ಅಂದರೆ ಸೀಮೆಎಣ್ಣೆಯಲ್ಲಿ ಕರಗಿಸಿದ ಪಿಸಿ-88ಎ ಎಂಬ, ಲೋಹ ಹಿಡಿಯುವ ರಾಸಾಯನಿಕ. ಅದು ಒಂದು ತುದಿಯಿಂದ ಒಳಗೆ ಬರುತ್ತದೆ. ಆರ್ಗ್ಯಾನಿಕ್‌ಗೆ ತಪ್ಪಿ ಹತ್ತಿದ್ದನ್ನು ತೊಳೆದು ನೀರಿಗೆ ಇಳಿಸುವ ಸ್ಕ್ರಬ್ ಆಸಿಡ್ ಇನ್ನೊಂದು ತುದಿಯಿಂದ, ಫೀಡ್ ನಡುವಿನಿಂದ. ನೀರು ಮತ್ತು ಆರ್ಗ್ಯಾನಿಕ್ ಎದುರುಬದುರಾಗಿ ಹರಿಯುತ್ತವೆ. ಭಾರದ ಧಾತು ಆರ್ಗ್ಯಾನಿಕ್‌ಗೆ ಹತ್ತುತ್ತದೆ, ಹಗುರದ್ದು ನೀರಿನಲ್ಲಿ ಉಳಿಯುತ್ತದೆ. ಹಾಗಾಗಿ ನಿಯೋಡಿಮಿಯಂ ಆರ್ಗ್ಯಾನಿಕ್ ಜೊತೆ ಹೋಗಿ ಸ್ಟ್ರಿಪ್‌ನಲ್ಲಿ (ಆಸಿಡ್‌ನಿಂದ ಲೋಹ ಇಳಿಸಿಕೊಳ್ಳುವ ಹಂತ) ಇಳಿಯುತ್ತದೆ. ಪ್ರಸಿಯೋಡಿಮಿಯಂ ರಾಫಿನೇಟ್‌ನಲ್ಲಿ, ಅಂದರೆ ಸಾಲಿನಿಂದ ಹೊರಬರುವ ನೀರಿನಲ್ಲಿ, ಹೊರಬೀಳುತ್ತದೆ.

(ಮ್ಯಾಗ್ನೆಟ್ ಮಾಡುವವರಿಗೆ ಇವೆರಡರ ಬೆರಕೆಯೇ ನಡೆಯುತ್ತದೆ. ನಿಜವಾಗಿ ಬಿಡಿಸಲೇಬೇಕಾ ಅಂತ ಮೊದಲು ಗಿರಾಕಿಯನ್ನು ಕೇಳಿ. ಎಷ್ಟೋ ಸಲ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.)

ಇಷ್ಟೊಂದು ಸೂಕ್ಷ್ಮ ಯಾಕೆ

ಲ್ಯಾಂಥನೈಡ್‌ಗಳು ದ್ರಾವಣದಲ್ಲಿ ಸಾಮಾನ್ಯವಾಗಿ ಮೂರು ಧನ ಆವೇಶದ ಅಯಾನುಗಳಾಗಿರುತ್ತವೆ. ವ್ಯತ್ಯಾಸ ಇರುವುದು ಗಾತ್ರದಲ್ಲಿ ಮಾತ್ರ. ಸಾಲಿನ ಆರಂಭದ ಲ್ಯಾಂಥನಂ ಅಯಾನಿನ ತ್ರಿಜ್ಯ ಸುಮಾರು 103 ಪಿಕೋಮೀಟರ್, ಕೊನೆಯ ಲುಟೇಶಿಯಂನದು 86. ಆ 17 ಪಿಕೋಮೀಟರ್ ಅಂತರದಲ್ಲೇ ಇಡೀ ಕುಟುಂಬ ಕುಳಿತಿದೆ. ಪ್ರಸಿಯೋಡಿಮಿಯಂ 99, ನಿಯೋಡಿಮಿಯಂ 98.3. ಬಾಂಬೆ ರವೆಯನ್ನೂ ಚಿರೋಟಿ ರವೆಯನ್ನೂ ಬೆರೆಸಿ, ಎರಡೂ ಇಳಿಯುವಂಥ ಜರಡಿಯಲ್ಲಿ ಬಿಡಿಸಲು ಕೂತ ಹಾಗೆ. ಒಂದು ಸಲಕ್ಕೆ ಏನೂ ಆಗದು. ಮತ್ತೆ ಮತ್ತೆ ಆಡಿಸಬೇಕು.

ಹಿಂದಿನವರು ಆಡಿಸಿಯೂ ಇದ್ದರು. ಡಿಡಿಮಿಯಂ ಎಂಬ ಒಂದೇ ಧಾತು ಇದೆ ಎಂದು ಹಲವರು ನಂಬಿದ್ದ ಕಾಲದಲ್ಲಿ, 1885ರಲ್ಲಿ, ಆವರ್ ಫಾನ್ ವೆಲ್ಸ್‌ಬಾಖ್ ಅದನ್ನು ಹರಳುಗಟ್ಟಿಸಿ ಹರಳುಗಟ್ಟಿಸಿ ಹಸಿರು ಪ್ರಸಿಯೋಡಿಮಿಯಂ, ನೇರಳೆಗುಲಾಬಿ ನಿಯೋಡಿಮಿಯಂ ಎಂದು ಬಿಡಿಸಿ ತೋರಿಸಿದ. ನಾವು ಹರಳಿನ ಬದಲು ಎರಡು ದ್ರವ ಬಳಸುತ್ತೇವೆ, ಅಷ್ಟೇ.

ಈ ಜೋಡಿಗೆ ಬೇರ್ಪಡಿಕೆಯ ಅಂಶ (ಒಂದು ಧಾತು ಇನ್ನೊಂದಕ್ಕಿಂತ ಎಷ್ಟು ಪಟ್ಟು ಸುಲಭವಾಗಿ ಆರ್ಗ್ಯಾನಿಕ್‌ಗೆ ಹತ್ತುತ್ತದೆ ಎಂಬುದು) ಸುಮಾರು 1.4, 1.5ರ ಆಸುಪಾಸು. 1.5 ಎಂದೇ ಹಿಡಿಯಿರಿ. ಎರಡೂ ತುದಿಯಲ್ಲಿ 99 ಶೇಕಡಾ ಬೇಕೆಂದರೆ, ಪೂರ್ತಿ ರಿಫ್ಲಕ್ಸ್‌ನಲ್ಲೂ (ಏನನ್ನೂ ಹೊರತೆಗೆಯದೆ ಎಲ್ಲವನ್ನೂ ಸಾಲಿಗೇ ಮರಳಿಸಿದರೂ) ಲೆಕ್ಕಕ್ಕೆ ಕನಿಷ್ಠ 23 ಸ್ಟೇಜ್ ಬೇಕು. ನಡೆಯುವ ಸಾಲಿಗೆ ಅದರ ಎರಡು ಮೂರು ಪಟ್ಟು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಒಂದು ಲೋಹದ ಅಯಾನು ಆರ್ಗ್ಯಾನಿಕ್‌ಗೆ ಹತ್ತಿದರೆ ಮೂರು ಹೈಡ್ರೋಜನ್ ಅಯಾನು ನೀರಿಗೆ ಇಳಿಯುತ್ತವೆ. ಹಾಗಾಗಿ ಲೋಹದ ಹಂಚಿಕೆ (ಆರ್ಗ್ಯಾನಿಕ್‌ನಲ್ಲಿ ಇರುವುದು ನೀರಿನಲ್ಲಿ ಇರುವುದರ ಎಷ್ಟು ಪಟ್ಟು ಎಂಬುದು) ಆಸಿಡ್‌ನ ಮೂರನೇ ಘಾತಕ್ಕೆ ವಿಲೋಮ. ಪಿಎಚ್ ಬರೀ 0.1 ಏರಿದರೆ ಹಂಚಿಕೆ ಎರಡು ಪಟ್ಟಾಗುತ್ತದೆ. ಎರಡು ಧಾತುಗಳ ನಡುವೆ ಇರುವ ವ್ಯತ್ಯಾಸವೇ ಒಂದೂವರೆ ಪಟ್ಟು. ಅಂದರೆ ಪಿಎಚ್ ಮೀಟರ್‌ನಲ್ಲಿ ಬಿಂದುವಿನ ನಂತರದ ಮೊದಲ ಅಂಕಿ ಅಲುಗಾಡಿದರೆ ಸಾಕು, ನಿಮ್ಮ ಇಡೀ ಬೇರ್ಪಡಿಕೆಗಿಂತ ದೊಡ್ಡ ಏರುಪೇರು ಆಗಿಹೋಗುತ್ತದೆ.

ಮೊದಲು, ದೋಷ ನಿಜಕ್ಕೂ ಇದೆಯಾ

ಲ್ಯಾಬ್ ಕೊಟ್ಟ 96 ಎಂಬ ಅಂಕಿಯನ್ನು ಹಾಗೇ ನಂಬಬೇಡಿ. ಸ್ಯಾಂಪಲ್ ಬಾಟಲಿಯನ್ನು ಬೆಳಕಿಗೆ ಹಿಡಿಯಿರಿ. ಮೇಲೆ ಎಣ್ಣೆಯ ಹೊಳಪು ಕಂಡರೆ, ದ್ರವ ಮಸುಕಾಗಿದ್ದರೆ, ಅದರಲ್ಲಿ ಇನ್ನೊಂದು ಪದರದ ಹನಿಗಳಿವೆ. ಸೆಂಟ್ರಿಫ್ಯೂಜ್ ಮಾಡಿ, ತಿಳಿಯಾದ ಭಾಗ ತೆಗೆದು, ಮತ್ತೆ ಅಳೆಯಿರಿ. ಅಂಕಿ ಬದಲಾದರೆ ನಿಮಗೆ ಅರ್ಧ ಉತ್ತರ ಸಿಕ್ಕಿದೆ.

ಸ್ಪೆಕ್ಟ್ರೋಫೋಟೋಮೀಟರ್ ಇದ್ದರೆ ಪ್ರಸಿಯೋಡಿಮಿಯಂ 444 ನ್ಯಾನೊಮೀಟರ್‌ನಲ್ಲಿ, ನಿಯೋಡಿಮಿಯಂ 575ರ ಹತ್ತಿರ ಚೂಪಾಗಿ ಕಾಣುತ್ತವೆ. ಪ್ರತಿ ಸ್ಟೇಜಿನ ಸ್ಯಾಂಪಲ್ ಓಡಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಪ್ರಸಿಯೋಡಿಮಿಯಂ ತೀರಾ ಕಡಿಮೆ ಇದ್ದಾಗ ನಿಯೋಡಿಮಿಯಂನ ಸಣ್ಣ ಪಟ್ಟಿಗಳು ಅಡ್ಡ ಬರುತ್ತವೆ. ಆಗ ಐಸಿಪಿಗೆ (ಪ್ಲಾಸ್ಮಾದಲ್ಲಿ ಧಾತುಗಳನ್ನು ಅಳೆಯುವ ಉಪಕರಣ) ಕಳಿಸಿ. ಸ್ಯಾಂಪಲ್ ಮಸುಕಾಗಿದ್ದರೆ ತಳದ ಗೆರೆಯೇ ಮೇಲೇರಿ, ಚಿಕ್ಕ ಅಲೆಯ ಉದ್ದ ಇರುವ 444ರಲ್ಲಿ ಜಾಸ್ತಿ ತೋರಿಸುತ್ತದೆ. ಇಲ್ಲದ ಪ್ರಸಿಯೋಡಿಮಿಯಂ ಹುಟ್ಟಿಕೊಳ್ಳುವುದು ಹೀಗೆ.

ಬರಿಗಣ್ಣಿಗೂ ಒಂದಿಷ್ಟು ಗೊತ್ತಾಗುತ್ತದೆ. ಆದರೆ ನಿಯೋಡಿಮಿಯಂ ದ್ರಾವಣ ಬಿಸಿಲಲ್ಲಿ ನೇರಳೆಗುಲಾಬಿ, ಟ್ಯೂಬ್‌ಲೈಟ್ ಕೆಳಗೆ ಪೇಲವ ನೀಲಿಯ ಕಡೆಗೆ. ರಾತ್ರಿ ಪಾಳಿಯವರು "ಬಣ್ಣ ಹೋಯ್ತು" ಎಂದು ಗಾಬರಿಯಾಗುವುದು ಇದೇ ಕಾರಣಕ್ಕೆ. ಬಾಟಲಿಗಳನ್ನು ಸಾಲಾಗಿ ಕಿಟಕಿಯ ಬಳಿ ಇಟ್ಟು ನೋಡಿ, ಅದೂ ಹಗಲಲ್ಲಿ.

ಆಮೇಲೆ ಪಿಎಚ್ ಎಲೆಕ್ಟ್ರೋಡ್. ಈ ಸಾಲಿನಲ್ಲಿ ನಾಲ್ಕು ಸಲ ಅದ್ದಿದರೆ ಗಾಜಿನ ಮೇಲೆ ಸೀಮೆಎಣ್ಣೆಯ ಪೊರೆ ಕೂರುತ್ತದೆ. ರೀಡಿಂಗ್ ನಿಧಾನವಾಗಿ ಹರಿಯುತ್ತಾ ಹೋಗುತ್ತದೆ, ನಿಲ್ಲುವುದಿಲ್ಲ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ದುರ್ಬಲ ಹೈಡ್ರೋಕ್ಲೋರಿಕ್‌ನಲ್ಲಿ ನೆನೆಸಿ, 4 ಮತ್ತು 7ರ ಬಫರ್‌ನಲ್ಲಿ ನೋಡಿ. ಸ್ಕ್ರಬ್ ತುದಿಯಂಥ ಹುಳಿ ಜಾಸ್ತಿ ಇರುವ ಸ್ಟೇಜುಗಳಲ್ಲಿ ಪಿಎಚ್ ಬಿಟ್ಟು ಟೈಟ್ರೇಶನ್ ಮಾಡುವುದೇ ಮೇಲು. ಸೂಚಕವಾಗಿ ಮೀಥೈಲ್ ಆರೆಂಜ್ ಹಾಕಿ. ಫೀನಾಲ್ಫ್ಥಲೀನ್ ಹಾಕಿದರೆ ಬಣ್ಣ ತಿರುಗುವ ಮುಂಚೆ ಲೋಹವೂ ಹೈಡ್ರಾಕ್ಸೈಡ್ ಆಗಿ ಕ್ಷಾರ ನುಂಗುತ್ತದೆ, ಆಸಿಡ್ ಇದ್ದದ್ದಕ್ಕಿಂತ ಎಷ್ಟೋ ಜಾಸ್ತಿ ಕಾಣುತ್ತದೆ. ಒಟ್ಟು ಲೋಹ ಅಳೆಯಲು ಇಡಿಟಿಎ (ಲೋಹವನ್ನು ಹಿಡಿದುಕೊಳ್ಳುವ ರಾಸಾಯನಿಕ) ಟೈಟ್ರೇಶನ್, ಹೆಕ್ಸಾಮಿನ್ ಬಫರ್, ಸೂಚಕಕ್ಕೆ ಕ್ಸೈಲಿನಾಲ್ ಆರೆಂಜ್. ಕೆಂಪು ಹೋಗಿ ನಿಂಬೆ ಹಳದಿ ಬಂದಾಗ ನಿಲ್ಲಿಸಿ.

ಯಾವ ತುದಿಯಲ್ಲಿ ಕೆಟ್ಟಿದೆ

ಅಂಕಿ ನಿಜವೆಂದು ಖಾತ್ರಿಯಾದ ಮೇಲೆ ಎರಡೂ ತುದಿ ನೋಡಿ. ಬರೀ ನಿಯೋಡಿಮಿಯಂ ತುದಿ ನೋಡಿದರೆ ದಾರಿ ತಪ್ಪುತ್ತದೆ.

ನಿಯೋಡಿಮಿಯಂ ಉತ್ಪನ್ನದಲ್ಲಿ ಪ್ರಸಿಯೋಡಿಮಿಯಂ ಇದೆ, ರಾಫಿನೇಟ್ ಮಾತ್ರ ಚೆನ್ನಾಗಿದೆ. ಹಾಗಾದರೆ ಆರ್ಗ್ಯಾನಿಕ್ ಅಗತ್ಯಕ್ಕಿಂತ ಜಾಸ್ತಿ ಹೊತ್ತುಕೊಂಡು ಹೋಗುತ್ತಿದೆ. ಕ್ಷಾರ ಜಾಸ್ತಿ, ಆರ್ಗ್ಯಾನಿಕ್ ಹರಿವು ಜಾಸ್ತಿ, ಫೀಡ್ ತೆಳು, ಇಲ್ಲವೇ ಸ್ಕ್ರಬ್ ಆಸಿಡ್ ಸೋತಿದೆ. ರಾಫಿನೇಟ್‌ನಲ್ಲಿ ನಿಯೋಡಿಮಿಯಂ ಇದೆ, ಉತ್ಪನ್ನ ಶುದ್ಧವಾಗಿದೆ ಎಂದರೆ ಇದೆಲ್ಲ ಉಲ್ಟಾ.

ಎರಡೂ ತುದಿ ಒಟ್ಟಿಗೆ ಕೆಟ್ಟರೆ ರಸಾಯನದ ಮೇಲೆ ಅನುಮಾನ ಕಡಿಮೆ ಮಾಡಿ. ಎಲ್ಲೋ ಸ್ಟೇಜುಗಳೇ ಕೆಲಸ ಮಾಡುತ್ತಿಲ್ಲ. ಒಂದು ಮಿಕ್ಸರ್ ಬೆಲ್ಟ್ ಜಾರುತ್ತಿರಬಹುದು. ಒಂದು ಸೆಟ್ಲರ್‌ನಿಂದ ಹನಿಗಳು ಹಿಂದಕ್ಕೆ ಮುಂದಕ್ಕೆ ದಾಟುತ್ತಿರಬಹುದು.

ಎಲ್ಲರೂ ಮರೆಯುವ ಒಂದು ಜಾಗ ಇದೆ: ಸ್ಟ್ರಿಪ್ ಮುಗಿಸಿ ವಾಪಸ್ ಬರುವ ಖಾಲಿ ಆರ್ಗ್ಯಾನಿಕ್. ಅದು ನಿಜವಾಗಿ ಖಾಲಿಯಾ? ಸ್ಟ್ರಿಪ್ ಆಸಿಡ್ ಸೋತಿದ್ದರೆ ನಿಯೋಡಿಮಿಯಂ ಅದರಲ್ಲೇ ಉಳಿದು, ಸುತ್ತು ಹೊಡೆದು, ರಾಫಿನೇಟ್ ಹೊರಬೀಳುವ ಸ್ಟೇಜಿಗೇ ನೇರವಾಗಿ ಬಂದು ಬೀಳುತ್ತದೆ. ಅದಾದ ಮೇಲೆ ಅದನ್ನು ಹಿಡಿಯಲು ಇನ್ನೊಂದು ಸ್ಟೇಜ್ ಇಲ್ಲ. ಆರ್ಗ್ಯಾನಿಕ್ ಹೆಚ್ಚಿಸಿದರೆ ಕಸವೂ ಹೆಚ್ಚುತ್ತದೆ. ಹತ್ತು ಮಿಲಿಲೀಟರ್ ಖಾಲಿ ಆರ್ಗ್ಯಾನಿಕ್ ತೆಗೆದು, 6 ನಾರ್ಮಲ್ ಹೈಡ್ರೋಕ್ಲೋರಿಕ್‌ನಲ್ಲಿ ಎರಡು ಸಲ ಅಲುಗಾಡಿಸಿ, ಆ ಆಸಿಡ್‌ನಲ್ಲಿ ಲೋಹ ಎಷ್ಟಿದೆ ನೋಡಿ. ಐದು ನಿಮಿಷದ ಕೆಲಸ.

ಡಿಸ್ಪ್ರೋಸಿಯಂ ಎಂಬ ಸಾಕ್ಷಿ

ಇದು ನನಗೆ ತುಂಬಾ ಇಷ್ಟದ ಪರೀಕ್ಷೆ. ನಿಯೋಡಿಮಿಯಂ, ಪ್ರಸಿಯೋಡಿಮಿಯಂ ಬಿಡಿಸುವುದು ಕಷ್ಟ. ಆದರೆ ಡಿಸ್ಪ್ರೋಸಿಯಂ ಇವೆರಡಕ್ಕಿಂತ ಎಷ್ಟೋ ಗಟ್ಟಿಯಾಗಿ ಆರ್ಗ್ಯಾನಿಕ್‌ಗೆ ಹತ್ತುತ್ತದೆ. ಅದನ್ನು ಬಿಡಿಸಲು ಕೆಲವೇ ಸ್ಟೇಜ್ ಸಾಕು. ಹಾಗಿದ್ದೂ ಮೊದಲ ಚಿಕ್ಕ ಸಾಲಿನ ರಾಫಿನೇಟ್‌ನಲ್ಲಿ ಡಿಸ್ಪ್ರೋಸಿಯಂ ಕಾಣಿಸಿಕೊಂಡರೆ, ಆಸಿಡ್ ಸ್ವಲ್ಪ ಹೆಚ್ಚುಕಡಿಮೆ ಆಗಿದ್ದಕ್ಕೆ ಹಾಗಾಗುವುದಿಲ್ಲ. ಆರ್ಗ್ಯಾನಿಕ್ ಹನಿಗಳು ನೀರಿನ ಜೊತೆ ತೇಲಿಹೋಗುತ್ತಿವೆ. ಸ್ಯಾಂಪಲ್ ಸೆಂಟ್ರಿಫ್ಯೂಜ್ ಮಾಡಿ ಮತ್ತೆ ಅಳೆಯಿರಿ. ಡಿಸ್ಪ್ರೋಸಿಯಂ ಮಾಯವಾದರೆ ಆರೋಪಿ ಸಿಕ್ಕ.

ಇನ್ನೊಂದು ಕಡೆಗೆ ಕ್ಯಾಲ್ಸಿಯಂ, ಸೋಡಿಯಂ ಸಾಕ್ಷಿ. ಇವು ಆರ್ಗ್ಯಾನಿಕ್‌ಗೆ ಅಷ್ಟಾಗಿ ಹತ್ತುವುದಿಲ್ಲ. ನಿಯೋಡಿಮಿಯಂ ಸ್ಟ್ರಿಪ್ ದ್ರಾವಣದಲ್ಲಿ ಇವು ದಿಢೀರ್ ಜಾಸ್ತಿಯಾದರೆ ನೀರಿನ ಹನಿಗಳು ಆರ್ಗ್ಯಾನಿಕ್ ಮೇಲೆ ಸವಾರಿ ಮಾಡುತ್ತಿವೆ. ಆ ಹನಿಗಳಲ್ಲಿ ಪ್ರಸಿಯೋಡಿಮಿಯಂ ಕೂಡ ಇರುತ್ತದೆ ಅಲ್ವಾ?

ಸಾಕ್ಷಿಗಳು ಸುಮ್ಮನಿದ್ದರೆ ಪದರಗಳು ಚೆನ್ನಾಗಿ ಬೇರೆಯಾಗುತ್ತಿವೆ. ಆಗ ಆಸಿಡ್-ಕ್ಷಾರದ ಲೆಕ್ಕಕ್ಕೆ ಬನ್ನಿ.

ಮಳೆಗಾಲ ಮತ್ತು ಕಾಸ್ಟಿಕ್

ಆರ್ಗ್ಯಾನಿಕ್ ಒಳಗೆ ಬಿಡುವ ಮುಂಚೆ ಅದರ ಒಂದು ಪಾಲನ್ನು ಕಾಸ್ಟಿಕ್ ಸೋಡಾದಿಂದ ಸಪೋನಿಫೈ ಮಾಡುತ್ತೇವೆ, ಅಂದರೆ ಪಿಸಿ-88ಎಯಲ್ಲಿ ಹೈಡ್ರೋಜನ್ ಬದಲು ಸೋಡಿಯಂ ಕೂರಿಸುತ್ತೇವೆ. ಇಲ್ಲದಿದ್ದರೆ ಲೋಹ ಹತ್ತಿದಷ್ಟೂ ಆಸಿಡ್ ಹುಟ್ಟಿ, ಹತ್ತುವುದೇ ನಿಂತುಬಿಡುತ್ತದೆ. ಸಾಲು ಎಷ್ಟು ಲೋಹ ಹೊರಬಲ್ಲದು ಅನ್ನುವುದು ಬಹುಮಟ್ಟಿಗೆ ಈ ಕಾಸ್ಟಿಕ್ ಮೇಲೆ ನಿಂತಿದೆ.

ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಸ್ಟಿಕ್ ಡಬ್ಬ ತೆರೆದಿಟ್ಟು ನೋಡಿ. ಬಿಳಿ ಗುಳಿಗೆಗಳು ಚಹಾ ಕುಡಿದು ಬರುವಷ್ಟರಲ್ಲಿ ಮೈಯೆಲ್ಲ ಬೆವತು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ತೇವ ಹೀರಿದ್ದಷ್ಟೇ ಅಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲ್ಮೈ ಕಾರ್ಬೋನೇಟ್ ಆಗಿರುತ್ತದೆ. ತೂಕ ಅಷ್ಟೇ ಹಾಕಿದ್ದೀರಿ, ಕ್ಷಾರ ಅಷ್ಟಿಲ್ಲ. "ಏನೂ ಮುಟ್ಟಿಲ್ಲ" ಎಂಬ ಮಾತು ಇಲ್ಲಿ ಪೂರ್ತಿ ನಿಜ. ಬದಲಾದದ್ದು ಹವೆ.

ಲೆಕ್ಕ ಹಾಕೋಣ. ಪಿಸಿ-88ಎ ಲೀಟರಿಗೆ 1 ಮೋಲ್, ಸಪೋನಿಫಿಕೇಶನ್ 35 ಶೇಕಡಾ ಎಂದು ಇಟ್ಟುಕೊಳ್ಳಿ. ಲೀಟರಿಗೆ 0.35 ಮೋಲ್ ಕ್ಷಾರ. ಒಂದು ಲೋಹದ ಅಯಾನಿಗೆ ಮೂರು ಬೇಕು. 0.35 ಭಾಗ 3, ಅಂದರೆ 0.117 ಮೋಲ್ ಲೋಹ. ನಿಯೋಡಿಮಿಯಂ ಆಕ್ಸೈಡ್ ಲೆಕ್ಕದಲ್ಲಿ ಲೀಟರಿಗೆ ಸುಮಾರು 19.6 ಗ್ರಾಂ. ಕಾಸ್ಟಿಕ್ 10 ಶೇಕಡಾ ಸೋತಿದ್ದರೆ ಅದು 17.7ಕ್ಕೆ ಇಳಿಯುತ್ತದೆ. ಪ್ರತಿ ಲೀಟರ್ ಆರ್ಗ್ಯಾನಿಕ್‌ಗೆ ಹೆಚ್ಚುಕಡಿಮೆ ಎರಡು ಗ್ರಾಂ ನಿಯೋಡಿಮಿಯಂಗೆ ಕೂರಲು ಜಾಗವೇ ಇಲ್ಲ. ಅದು ರಾಫಿನೇಟ್ ಕಡೆ ಹೊರಡುತ್ತದೆ.

ಪರೀಕ್ಷೆ ಸುಲಭ. ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ 0.5105 ಗ್ರಾಂ ತೂಗಿ ನೀರಲ್ಲಿ ಕರಗಿಸಿ. ನಿಮ್ಮ ಕಾಸ್ಟಿಕ್ ನಿಜಕ್ಕೂ 0.1 ನಾರ್ಮಲ್‌ಗೆ ತೆಳುವಾಗಿದ್ದರೆ ಸರಿಯಾಗಿ 25 ಮಿಲಿಲೀಟರ್ ಹಿಡಿಯಬೇಕು. 27, 28 ಹಿಡಿದರೆ ಕಾಸ್ಟಿಕ್ ಸೋತಿದೆ. ಇಲ್ಲಿ ಫೀನಾಲ್ಫ್ಥಲೀನ್ ಸರಿ. ಆರ್ಗ್ಯಾನಿಕ್ ಎಷ್ಟು ಸಪೋನಿಫೈ ಆಗಿದೆ ಎಂದು ನೇರವಾಗಿಯೂ ನೋಡಬಹುದು. 10 ಮಿಲಿಲೀಟರ್ ಆರ್ಗ್ಯಾನಿಕ್ ಅನ್ನು 50 ಮಿಲಿಲೀಟರ್ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಜೊತೆ ಚೆನ್ನಾಗಿ ಅಲುಗಾಡಿಸಿ ಬಿಡಿ. ಕೆಳಗಿನ ನೀರು ಬೇರೆ ಮಾಡಿ, ಉಳಿದ ಆಸಿಡ್ ಅನ್ನು 0.1 ನಾರ್ಮಲ್ ಕ್ಷಾರದಿಂದ ಅಳೆಯಿರಿ. 35 ಶೇಕಡಾ ಸರಿಯಿದ್ದರೆ 15 ಮಿಲಿಲೀಟರ್ ಹಿಡಿಯುತ್ತದೆ. ಜಾಸ್ತಿ ಹಿಡಿದಷ್ಟೂ ಸಪೋನಿಫಿಕೇಶನ್ ಕಡಿಮೆ.

ಕಾಸ್ಟಿಕ್ ಜಾಸ್ತಿಯಾದರೂ ಕಷ್ಟ. ಆರ್ಗ್ಯಾನಿಕ್ ಒಳಬರುವ ಮೊದಲ ಸ್ಟೇಜಿನಲ್ಲಿ ಪಿಎಚ್ ಏರಿ, ಲೋಹ ಹೈಡ್ರಾಕ್ಸೈಡ್ ಆಗಿ ಬಿಳಿ ಗಂಜಿಯ ಹಾಗೆ ಪದರಗಳ ನಡುವೆ ನಿಲ್ಲುತ್ತದೆ. ಈ ಸ್ಟೇಜಿನಲ್ಲಿ ಮಾತ್ರ ಗಂಜಿ ಕಂಡರೆ, ಬೇರೆಲ್ಲೂ ಇಲ್ಲದಿದ್ದರೆ, ಕಾರಣ ಬೇರೆ ಹುಡುಕಬೇಕಿಲ್ಲ.

ಸೆಟ್ಲರ್ ಒಳಗೆ ಕಣ್ಣು ಹಾಕಿ

ಟಾರ್ಚ್ ತೆಗೆದುಕೊಂಡು ಸೆಟ್ಲರ್ ಗಾಜಿನ ಪಕ್ಕ ಕೂತು ನೋಡಿ. ಎರಡು ಪದರದ ನಡುವೆ ನೊರೆಯಂಥ ಪಟ್ಟಿ ಎಷ್ಟು ದಪ್ಪ ಇದೆ? ಅದು ತುದಿಯ ಒಡ್ಡಿನ ತನಕ ಚಾಚಿದೆಯಾ? ಒಡ್ಡಿನ ಬಳಿ ತಿಳಿಯಾಗಿದ್ದರೆ ಚಿಂತೆ ಬೇಡ.

ಪಟ್ಟಿ ದಪ್ಪ ಇದ್ದರೆ ಮಿಕ್ಸರ್‌ನಿಂದ ಒಂದು ಅಳತೆ ಜಾಡಿ ತುಂಬಿ ಬೇರೆಯಾಗುವ ಹೊತ್ತು ನೋಡಿ. ಹೋಲಿಸಲು ಹೊಸ ಆರ್ಗ್ಯಾನಿಕ್ ಬೇಕು. ಸಾಲು ಶುರು ಮಾಡಿದ ದಿನವೇ ಒಂದು ಬಾಟಲಿ ಎತ್ತಿಟ್ಟುಕೊಳ್ಳಿ, ಯಾರೂ ಇಡುವುದಿಲ್ಲ. ಹೊಸದಕ್ಕಿಂತ ಹಳೆಯದು ತುಂಬಾ ನಿಧಾನವಾದರೆ ಆರ್ಗ್ಯಾನಿಕ್ ಕೊಳೆಯಾಗಿದೆ. ಎರಡೂ ಒಂದೇ ಥರ ಇದ್ದರೆ ಇಂಪೆಲ್ಲರ್ (ಕಲಕುವ ರೆಕ್ಕೆ) ಜೋರಾಗಿ ಓಡುತ್ತಿದೆ, ಇಲ್ಲವೇ ದ್ರವ ತಣ್ಣಗಿದೆ. ಪುಣೆಯ ಜನವರಿ ಬೆಳಗಿನಲ್ಲಿ ಆರ್ಗ್ಯಾನಿಕ್ ಮಂದವಾಗಿ, ಮುಂಬೈಯಲ್ಲಿ ಚೆನ್ನಾಗಿ ನಡೆದ ಅದೇ ಹರಿವು ಅಲ್ಲಿ ಒಡ್ಡು ದಾಟುತ್ತದೆ. ಆಸಿಡ್ ಹುಡುಕುತ್ತಾ ಕೂರುವ ಮುಂಚೆ ಥರ್ಮಾಮೀಟರ್ ಅದ್ದಿ.

ಮಿಕ್ಸರ್ ಒಳಗೆ ಯಾವುದು ಹನಿ, ಯಾವುದು ಹನಿಯ ಸುತ್ತ ಇರುವುದು ಎಂಬುದನ್ನೂ ನೋಡಿ. ಮಲ್ಟಿಮೀಟರ್‌ನ ಎರಡು ತಂತಿ ಇಳಿಬಿಟ್ಟರೆ ಗೊತ್ತಾಗುತ್ತದೆ. ವಿದ್ಯುತ್ ಹರಿದರೆ ಸುತ್ತ ನೀರು, ಹನಿ ಆರ್ಗ್ಯಾನಿಕ್. ಹರಿಯದಿದ್ದರೆ ಉಲ್ಟಾ. ಹನಿಯಾಗಿದ್ದ ಪದರ ಶುದ್ಧವಾಗಿ ಹೊರಬರುತ್ತದೆ. ಸುತ್ತ ಇದ್ದ ಪದರದಲ್ಲಿ ಇನ್ನೊಂದರ ಸಣ್ಣ ಹನಿ ಉಳಿಯುತ್ತದೆ. ಎರಡರ ಪ್ರಮಾಣ ಸಮಸಮ ಇರುವ ಮಿಕ್ಸರ್‌ಗಳಲ್ಲಿ ಇದು ತಾನಾಗಿಯೇ ತಿರುಗಿಬಿಡುತ್ತದೆ, ವಿಶೇಷವಾಗಿ ಕರೆಂಟ್ ಹೋಗಿ ಬಂದ ಮೇಲೆ. ನಿಲ್ಲಿಸಿ, ಬೇಕಾದ ಪದರ ಮೊದಲು ತುಂಬಿಸಿ, ಮತ್ತೆ ಚಾಲೂ ಮಾಡಿ.

ಕ್ರಡ್ ಅಂದರೆ ಪದರಗಳ ನಡುವೆ ಸೇರುವ ಕೆಸರು. ಒಂದು ಚಮಚದಷ್ಟು ತೆಗೆದು, ಸೋಸಿ, ಆರ್ಗ್ಯಾನಿಕ್ ತೊಳೆದು, ಹೈಡ್ರೋಕ್ಲೋರಿಕ್ ಹಾಕಿ. ಬುಸ್ಸೆಂದು ನೊರೆ ಬಂದರೆ ಕಾರ್ಬೋನೇಟ್. ಹಳೆಯ ಕಾಸ್ಟಿಕ್ ಇಲ್ಲವೇ ಗಡಸು ನೀರು ಕಾರಣ. ನಗರದ ನಲ್ಲಿ ನೀರು ಪಶ್ಚಿಮ ಘಟ್ಟದ ಕಡೆಯ ಕೆರೆಗಳಿಂದ ಬರುತ್ತದೆ, ಮೆದು. ಮೇ ತಿಂಗಳಲ್ಲಿ ಟ್ಯಾಂಕರ್‌ನಲ್ಲಿ ಬರುವ ಬೋರ್‌ವೆಲ್ ನೀರಿಗೆ ಆ ಭರವಸೆ ಇಲ್ಲ. ನೊರೆಯಿಲ್ಲದೆ ಕರಗಿದರೆ ಹೈಡ್ರಾಕ್ಸೈಡ್. ಕರಗದೆ ಉಳಿದರೆ ಸಿಲಿಕಾ, ಸಲ್ಫೇಟ್ ಅಥವಾ ಬರೀ ಧೂಳು. ಫೀಡ್ ಅನ್ನು ಇನ್ನೊಮ್ಮೆ ಸೋಸಬೇಕು.

ಆರ್ಗ್ಯಾನಿಕ್ ಜೇನಿನ ಹಾಗೆ ಮಂದವಾಗಿ, ಹರಿಯದೆ ಜೆಲ್ ಆಗುತ್ತಿದ್ದರೆ ಅದು ಲೋಹ ಅತಿಯಾಗಿ ಹೊತ್ತಿದೆ. ಹೊರೆ ಕಡಿಮೆ ಮಾಡಿ. ಐಸೋಡೆಕನಾಲ್ ಅಥವಾ ಟಿಬಿಪಿ (ಟ್ರೈಬ್ಯೂಟೈಲ್ ಫಾಸ್ಫೇಟ್) ಸ್ವಲ್ಪ ಬೆರೆಸುವವರಿದ್ದಾರೆ. ಅದು ಹಂಚಿಕೆಯನ್ನೂ ಬದಲಿಸುತ್ತದೆ, ಹಾಗಾಗಿ ಅದು ಕೊನೆಗಿರಲಿ.

ಆರ್ಗ್ಯಾನಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಕಬ್ಬಿಣ ಇರಬಹುದು. ಮೂರು ಆವೇಶದ ಕಬ್ಬಿಣ ಹತ್ತುವುದು ಬೇಗ, ಇಳಿಯುವುದು ಕಷ್ಟ. ನಿಯೋಡಿಮಿಯಂ ಇಳಿಸುವ ಆಸಿಡ್‌ಗೆ ಅದು ಕ್ಯಾರೇ ಅನ್ನುವುದಿಲ್ಲ. ಸುತ್ತು ಸುತ್ತಿಗೂ ಸೇರುತ್ತಾ ಜಾಗ ತಿನ್ನುತ್ತದೆ. ಲಕ್ಷಣ ನೋಡಿದರೆ ಸೋತ ಕಾಸ್ಟಿಕ್‌ನದೇ, ಆದರೆ ಕಾಸ್ಟಿಕ್ ಸರಿ ಇರುತ್ತದೆ. ಗಟ್ಟಿ ಹೈಡ್ರೋಕ್ಲೋರಿಕ್‌ನಲ್ಲಿ ತೊಳೆಯಬೇಕು. ಮೂಲ ಬಹುಪಾಲು ಮ್ಯಾಗ್ನೆಟ್ಟೇ. ಆದರೆ ಸಮುದ್ರದ ಗಾಳಿ, ಆಸಿಡ್ ಹೊಗೆ ಎರಡೂ ಸೇರಿದ ಕಡೆ ಸೆಟ್ಲರ್ ಮೇಲಿನ ಕಬ್ಬಿಣದ ಬ್ರಾಕೆಟ್‌ನಿಂದ ತುಕ್ಕಿನ ಹಕ್ಕಳೆ ಬೀಳುವುದನ್ನೂ ನೋಡಿದ್ದೇನೆ.

ಕಾಯುವುದು

ಕಾರಣ ಸಿಕ್ಕಿತು, ಸರಿಪಡಿಸಿದಿರಿ. ಫಲಿತಾಂಶ ಯಾವಾಗ? ಒಂದೊಂದು ಸೆಟ್ಲರ್‌ನಲ್ಲಿ ಒಂದು ಪದರ ಎರಡು ಲೀಟರ್ ನಿಲ್ಲುತ್ತದೆ, ಗಂಟೆಗೆ ಒಂದು ಲೀಟರ್ ಹರಿಯುತ್ತದೆ, 40 ಸ್ಟೇಜ್ ಇವೆ ಎಂದುಕೊಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿ ಮುಟ್ಟಲೇ 80 ಗಂಟೆ. ಒಳಗಿನ ಹಂಚಿಕೆ ಹೊಸದಾಗಿ ನೆಲೆಗೊಳ್ಳಲು ಅಂಥ ಹಲವು ಸುತ್ತು ಬೇಕು.

ವಿಜಯಪುರದ ಕಡೆಯ ಆಪರೇಟರ್ ಒಬ್ಬರು ರಾತ್ರಿ ಪಾಳಿಯಲ್ಲಿ ಹೇಳುತ್ತಿದ್ದರು: "ಸರ್ರ, ಸ್ಕ್ರಬ್ ಒಂದೀಟು ಜಾಸ್ತಿ ಮಾಡೀನ್ರಿ, ಮುಂಜಾನಿಗಿ ಸರಿ ಹೋಗತೈತಿ." ಬೆಳಗಿನ ಪಾಳಿಯವರು ಬಂದು, ಸರಿಹೋಗಿಲ್ಲ ಎಂದು ಕಂಡು, ಅದನ್ನೇ ಕಡಿಮೆ ಮಾಡುತ್ತಿದ್ದರು. ಸಾಲು ದಿನಗಟ್ಟಲೆ ತೂಗಾಡಿತು. ಆಮೇಲೆ ಆ ಘಟಕದಲ್ಲಿ ಒಂದು ನಿಯಮ ಬಂತು: ಹರಿವು ಬದಲಿಸುವುದಾದರೆ ಒಬ್ಬರೇ ಬದಲಿಸಬೇಕು, ವಹಿಯಲ್ಲಿ ಬರೆದು, ಒಂದು ಸಲಕ್ಕೆ ಒಂದೇ.

ಹಾಗಾಗಿ ತುದಿಯ ಅಂಕಿ ನೋಡುತ್ತಾ ಕೂರಬೇಡಿ. ಪ್ರತಿ ನಾಲ್ಕನೇ ಸ್ಟೇಜಿನಿಂದ ಸ್ಯಾಂಪಲ್ ತೆಗೆದು, ಲೋಹ ಮತ್ತು ಆಸಿಡ್ ಎರಡನ್ನೂ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ. ನಾಳೆ ಮತ್ತೆ. ಎರಡು ಗೆರೆ ಒಂದರ ಪಕ್ಕ ಒಂದು ಇಟ್ಟರೆ ಇಡೀ ಗೆರೆ ಯಾವ ಕಡೆ ಜಾರುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ತುದಿಯಲ್ಲಿ ಶುದ್ಧತೆ ಬೀಳುವ ಎಷ್ಟೋ ಮುಂಚೆ ನಡುವಿನ ಸ್ಟೇಜುಗಳು ಸುದ್ದಿ ಕೊಟ್ಟಿರುತ್ತವೆ. ಒಂದೇ ಒಂದು ಸ್ಟೇಜಿನಲ್ಲಿ ಗೆರೆ ಮೆಟ್ಟಿಲಾಗದೆ ಮಟ್ಟಸ ಇದ್ದರೆ ಆ ಮಿಕ್ಸರ್ ಸತ್ತಿದೆ.

ಲ್ಯಾಂಥನಂ ಯಾಕೆ ಎಣಿಕೆ ತೋರಿಸುತ್ತಿದೆ

ಮ್ಯಾಗ್ನೆಟ್ ಬಿಟ್ಟು, ಮೊನಜೈಟ್ ಖನಿಜದಿಂದ ಬಂದ ಬೆರಕೆ ಕ್ಲೋರೈಡ್ ಜೊತೆ ಕೆಲಸ ಮಾಡುವವರಿಗೆ ಇನ್ನೊಂದು ದೂರು ಬರುತ್ತದೆ: ಕೊನೆಯಲ್ಲಿ ಉಳಿದ ಲ್ಯಾಂಥನಂ ವಿಕಿರಣ ತೋರಿಸುತ್ತಿದೆ. ನಮ್ಮ ಕರಾವಳಿ ಮರಳಿನ ಮೊನಜೈಟ್‌ನಲ್ಲಿ ಥೋರಿಯಂ ಆಕ್ಸೈಡ್ ಸುಮಾರು 9 ಶೇಕಡಾ ಇರುತ್ತದೆ. ಅದಕ್ಕೇ ಆ ಖನಿಜ ಪರಮಾಣು ಶಕ್ತಿ ಕಾನೂನಿನ ಹಿಡಿತದಲ್ಲಿದೆ. ಅದನ್ನು ಸಂಸ್ಕರಿಸುವ ಸರ್ಕಾರಿ ಕಂಪನಿ ಐಆರ್‌ಇಎಲ್‌ನ ಮುಖ್ಯ ಕಚೇರಿ ಇದೇ ಮುಂಬೈಯ ಪ್ರಭಾದೇವಿಯಲ್ಲಿ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಎಇಆರ್‌ಬಿ ಅಣುಶಕ್ತಿನಗರದಲ್ಲಿ. ಎಣಿಕೆ ಮೇಲೇರಿದರೆ ಮೊದಲ ಕೆಲಸ ನಿಮ್ಮ ವಿಕಿರಣ ಸುರಕ್ಷಾ ಅಧಿಕಾರಿಗೆ ತಿಳಿಸುವುದು. ಕಾರಣ ಹುಡುಕುವುದು ಆಮೇಲೆ.

ಥೋರಿಯಂ ತೆಗೆದ ಮೇಲೂ ಅದರ ಮರಿ (ಅದು ವಿಘಟನೆಯಾಗಿ ಹುಟ್ಟುವ ಧಾತು) ರೇಡಿಯಂ-228 ಉಳಿಯಬಹುದು. ಅರ್ಧಾಯುಷ್ಯ 5.75 ವರ್ಷ. ಅದನ್ನು ಬೇರಿಯಂ ಸಲ್ಫೇಟ್ ಜೊತೆ ಕೆಳಗೆ ಕೂರಿಸಿ ತೆಗೆಯುವುದು ರೂಢಿ. ಅದು ಎರಡು ಆವೇಶದ್ದು, ಆರ್ಗ್ಯಾನಿಕ್‌ಗೆ ಅಷ್ಟಾಗಿ ಹತ್ತುವುದಿಲ್ಲ. ಹಾಗಾಗಿ ಉಳಿದದ್ದೆಲ್ಲ ರಾಫಿನೇಟ್‌ನಲ್ಲಿ, ಅಂದರೆ ಲ್ಯಾಂಥನಂ ಜೊತೆ, ಸೇರುತ್ತದೆ. ಅದರ ಮರಿ ಆಕ್ಟಿನಿಯಂ-228. ಇದು ಮೂರು ಆವೇಶದ್ದು, ಲ್ಯಾಂಥನಂನ ಹತ್ತಿರದ ನೆಂಟ. ಇದೂ ಅದೇ ತುದಿಗೆ ಬರುತ್ತದೆ. ಅರ್ಧಾಯುಷ್ಯ ಬರೀ 6.15 ಗಂಟೆ.

ಗಾಮಾ ಮೀಟರ್‌ನಲ್ಲಿ 911 ಮತ್ತು 969 ಕೆಇವಿ (ಗಾಮಾ ಕಿರಣದ ಶಕ್ತಿಯ ಅಳತೆ) ಗೆರೆ ಕಂಡರೆ ಅದು ಆಕ್ಟಿನಿಯಂ-228. ಆದರೆ ಅದು ಒಂಟಿಯಾಗಿ ಬಂದಿದೆಯೋ, ರೇಡಿಯಂ ಜೊತೆಗಿದೆಯೋ? ರೇಡಿಯಂ-228 ತಾನಾಗಿ ಗಾಮಾದಲ್ಲಿ ಕಾಣುವುದಿಲ್ಲ. ಗಡಿಯಾರವೇ ಹೇಳಬೇಕು. ಸ್ಯಾಂಪಲ್ ಮುಚ್ಚಿ ಇಡಿ, ಆರು ಗಂಟೆಗೊಮ್ಮೆ ಎಣಿಸಿ. ಅರ್ಧ, ಕಾಲು ಎಂದು ಇಳಿಯುತ್ತಾ ಒಂದು ದಿನದಲ್ಲಿ ಹದಿನಾರನೇ ಒಂದು ಪಾಲಾದರೆ ಆಕ್ಟಿನಿಯಂ ಒಂದೇ. ಎರಡು ಮೂರು ದಿನ ಕಾದರೆ ಸಾಕು. ಇಳಿಯದೆ ಹಾಗೇ ನಿಂತರೆ ರೇಡಿಯಂ ಹಿಂದೆ ನಿಂತು ಹೊಸ ಆಕ್ಟಿನಿಯಂ ಹೆರುತ್ತಿದೆ. ಶುರುವಿನಲ್ಲಿ ಏನೂ ಇಲ್ಲದೆ, ಒಂದು ದಿನದಲ್ಲಿ ಏರಿ ನಿಂತರೂ ಅದೇ ಅರ್ಥ. ಹೊಸದಾಗಿ ಬಿಡಿಸಿದ ದ್ರಾವಣವನ್ನು ತಕ್ಷಣ ಎಣಿಸಿ "ಕ್ಲೀನ್" ಎಂದು ಸಹಿ ಹಾಕಿದವರು ಸಿಕ್ಕಿಬೀಳುವುದು ಇಲ್ಲೇ. ಆಗ ಎಕ್ಸ್‌ಟ್ರಾಕ್ಷನ್ ಸಾಲು ಕೆದಕಿ ಪ್ರಯೋಜನವಿಲ್ಲ. ಹಿಂದೆ ಹೋಗಿ ಬೇರಿಯಂ ಸಲ್ಫೇಟ್ ಹಂತ ನೋಡಿ.

ಇಷ್ಟೆಲ್ಲ ಮಾಡಿದ ಮೇಲೂ 1436 ಕೆಇವಿಯಲ್ಲಿ ಒಂದು ಗೆರೆ, ಜೊತೆಗೆ 789ರಲ್ಲಿ ಇನ್ನೊಂದು, ಎಷ್ಟು ದಿನ ಕಾದರೂ ಅಲುಗಾಡದೆ ಉಳಿಯುತ್ತವೆ. ಅದು ದೋಷವಲ್ಲ. ನೈಸರ್ಗಿಕ ಲ್ಯಾಂಥನಂನಲ್ಲಿ 0.09 ಶೇಕಡಾ ಲ್ಯಾಂಥನಂ-138 ಇದೆ, ಅದು ತಾನೇ ವಿಕಿರಣಶೀಲ. ಒಂದು ಗ್ರಾಂ ಲ್ಯಾಂಥನಂಗೆ ಸೆಕೆಂಡಿಗೆ ಸುಮಾರು 0.8 ವಿಘಟನೆ. ಪಕ್ಕದಲ್ಲೇ 1461ರಲ್ಲಿ ಪೊಟ್ಯಾಸಿಯಂ-40 ಇರುವುದರಿಂದ ಅಗ್ಗದ ಮೀಟರ್‌ನಲ್ಲಿ ಎರಡೂ ಒಂದಾಗಿ ಕಾಣುತ್ತವೆ. ಅಷ್ಟೇ ತೂಕದ, ಹಳೆಯ, ನಂಬಿಕೆಯ ಲ್ಯಾಂಥನಂ ಆಕ್ಸೈಡ್ ಅನ್ನು ಅದೇ ಡಬ್ಬಿಯಲ್ಲಿ ಇಟ್ಟು ಎಣಿಸಿ, ಆ ಅಂಕಿಯನ್ನು ಕಳೆದ ಮೇಲೆ ಏನು ಉಳಿಯುತ್ತದೋ ಅದನ್ನೇ ವರದಿಯಲ್ಲಿ ಬರೆಯಿರಿ.